ಕೋಳಿಗಳಿಗಾಗಿ ಮಾಡಿಸಿದ ಕೊಳವೆ

ಮೊಟ್ಟೆಯ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುವ ಮನೆ ನಮ್ಮದು. ಅಂಥವರು ಪಕ್ಕದ ಹೊಲದವನ ಕೋಳಿ ಉಳಿಸಲು ಹೋಗಿ ಪೊಲೀಸ್ ಕೇಸಿಗೆ ಸಿಕ್ಕಿಕೊಂಡೆವು ಎಂದರೆ ಕೇಳಿದವರು ನಗುತ್ತಾರೆ. ನಗಲಿ ಬಿಡಿ. ಮೊದಲ ದಿನ ನಾನೂ ನಕ್ಕಿದ್ದೆ.

ನಮ್ಮ ಮನೆ ಇರುವುದು ಶಿವಮೊಗ್ಗದ ವಿನೋಬನಗರದಲ್ಲಿ, ಹೊಲ ಇರುವುದು ಕುಂಸಿ ಕಡೆ. ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿಗೆ ಕಾಡುಹಂದಿಗಳು ನುಗ್ಗುತ್ತವೆ. ಅದಕ್ಕೆಂದು ನನ್ನ ಮಾವ ವೀರಪ್ಪನವರ ಹೆಸರಿನಲ್ಲಿ ಒಂಟಿ ನಳಿಗೆಯ ಒಂದು ಕೋವಿ ಇದೆ, ಅದಕ್ಕೆ ಲೈಸೆನ್ಸೂ ಇದೆ. ಅದರಲ್ಲಿ ಅವರು ಒಂದು ಇಲಿಯನ್ನೂ ಕೊಂದವರಲ್ಲ. ಗಾಳಿಗೆ ಒಂದು ಗುಂಡು ಹಾರಿಸುತ್ತಾರೆ, ಹಂದಿಗಳು ಓಡುತ್ತವೆ, ಇವರು ಬಂದು ಮಲಗುತ್ತಾರೆ. ಪಕ್ಕದ ಹೊಲದ ಕರಿಯಪ್ಪ ಕೋಳಿ ಫಾರಂ ಹಾಕಿದ ಮೇಲೆ ರಗಳೆ ಶುರುವಾಯಿತು. ಗುಂಡಿನ ಸದ್ದಿಗೆ ಕೋಳಿಗಳೆಲ್ಲ ಬೆದರಿ ಶೆಡ್ಡಿನ ಒಂದು ಮೂಲೆಗೆ ನುಗ್ಗುತ್ತಿದ್ದವು, ಒಂದರ ಮೇಲೊಂದು ಬಿದ್ದು ಕೆಳಗಿನವು ಉಸಿರುಕಟ್ಟಿ ಸಾಯುತ್ತಿದ್ದವು. ಒಂದು ದಿನ ಕರಿಯಪ್ಪ ಸತ್ತ ಕೋಳಿಗಳನ್ನು ಗೊಬ್ಬರದ ಚೀಲದಲ್ಲಿ ತುಂಬಿಕೊಂಡು ಬಂದು ನಮ್ಮ ಬಾಗಿಲಿಗೇ ಇಳಿಸಿದ. ಅವನು ಹೋದ ಮೇಲೆ ಅತ್ತೆ ಮಹಾಂತಮ್ಮ ಅಂಗಳ ತೊಳೆದಿದ್ದೇ ತೊಳೆದಿದ್ದು.

ಮಾವನಿಗೆ ಮಾತ್ರ ಅವನ ಮೇಲೆ ಸಿಟ್ಟು ಬರಲಿಲ್ಲ. "ಅವನು ಹೇಳೋದ್ರಲ್ಲಿ ತಪ್ಪೇನಿದೆ? ಬಾಯಿಲ್ಲದ ಜೀವ ಅವು," ಎಂದು ಮಂಕಾಗಿ ಕೂತರು. ಆಮೇಲೆ ಯಾರಿಗೂ ಹೇಳದೆ ಭದ್ರಾವತಿಯ ಬಸ್ಸು ಹತ್ತಿದರು. ಅಲ್ಲಿ ನ್ಯೂ ಟೌನಿನಲ್ಲಿ ನನ್ನ ತಮ್ಮ ಮಧುವಿನ ಲೇತ್ ಅಂಗಡಿಯಿದೆ. ಅಕ್ಕನ ಮಾವ ತಾವಾಗಿ ಬಂದು ಒಂದು ಕೆಲಸ ಕೇಳಿದ್ದೇ ಅವನಿಗೆ ದೊಡ್ಡ ಮರ್ಯಾದೆ. ಕೋವಿಯ ಮೂತಿಗೆ ಕೂರುವಂಥ ಒಂದು ಕೊಳವೆ ಮಾಡಿಕೊಟ್ಟ. ಸದ್ದು ಇಳಿಯಿತು. ಕರಿಯಪ್ಪ ಖುಷಿಯಲ್ಲಿ ಒಂದು ಟ್ರೇ ಮೊಟ್ಟೆ ಕಳಿಸಿ, ನಾವು ಯಾರೆಂದು ನೆನಪಾಗಿ ಅದನ್ನು ವಾಪಸ್ ತರಿಸಿಕೊಂಡು ಬಾಳೆಗೊನೆ ಕಳಿಸಿದ.

ಅಷ್ಟರಲ್ಲಿ ಎಲೆಕ್ಷನ್ ಬಂತು. ಎಲೆಕ್ಷನ್ ಎಂದರೆ ಈ ಕಡೆ ಲೈಸೆನ್ಸ್ ಇರುವವರು ಕೋವಿಯನ್ನು ಠಾಣೆಯಲ್ಲಿ ಒಪ್ಪಿಸಿ ಬರಬೇಕು, ಮತ ಎಣಿಕೆ ಮುಗಿದ ಮೇಲೆ ಬಿಡಿಸಿಕೊಳ್ಳಬೇಕು. ಉಳಿದವರಿಗೆ ಅದೊಂದು ಕಿರಿಕಿರಿ, ನಮ್ಮ ಮಾವನಿಗೆ ವ್ರತ. ಹಿಂದಿನ ದಿನವೇ ಕೋವಿ ಒರೆಸಿ ಎಣ್ಣೆ ಹಚ್ಚುತ್ತಾರೆ, ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿ ವಿಭೂತಿ ಧರಿಸಿ ಹೊರಡುತ್ತಾರೆ.

ಆ ದಿನವೂ ಹಾಗೇ ಹೋಗಿ ಬಂದು ಊಟಕ್ಕೆ ಕೂತರು. ನಾನು ರೊಟ್ಟಿ ಬಡಿಸುತ್ತಿದ್ದೆ.

"ಹೊಸ ಎಸ್ಐ ಬಂದಿದಾರೆ. ಚಿಕ್ಕ ವಯಸ್ಸು, ಒಳ್ಳೆ ಹುಡುಗ," ಎಂದರು. "ನನಗೆ ಕುರ್ಚಿ ಹಾಕಿಸಿ ಟೀ ತರಿಸ್ಕೊಟ್ರು. ಕೊಳವೆ ನೋಡಿ ಇದೇನು ಅಂದ್ರು. ಕೋಳಿ ಕಥೆ ಎಲ್ಲ ಹೇಳ್ದೆ."

ನನ್ನ ಮಗಳು ಸ್ಪಂದನಾ ತಟ್ಟೆಯಿಂದ ತಲೆಯೆತ್ತಿದಳು. ಅವಳು ಇಲ್ಲೇ ಲಾ ಕಾಲೇಜಿನಲ್ಲಿ ಕೊನೆಯ ವರ್ಷ.

"ಅಜ್ಜ, ಕೊಳವೆನೂ ತಗೊಂಡು ಹೋಗಿದ್ರಾ?"

"ಮತ್ತೆ? ಒಪ್ಪಿಸೋದು ಅಂದ್ರೆ ಪೂರ್ತಿ ಒಪ್ಪಿಸ್ಬೇಕು. ಅರ್ಧ ಮನೇಲಿಟ್ಕೊಂಡು ಅರ್ಧ ಕೊಟ್ರೆ ಮೋಸ ಆಗಲ್ವಾ?"

"ಅದನ್ನ ಏನು ಮಾಡಿದ್ರು ಅವರು?"

"ಬೇರೆ ಚೀಲಕ್ಕೆ ಹಾಕಿ ಅರಗಿನ ಸೀಲ್ ಒತ್ತಿದ್ರು. ನನ್ನ ಸೈನೂ ತಗೊಂಡ್ರು. ಭಾರಿ ಜೋಪಾನ."

"ನಮ್ಮ ಮಧು ಮಾಡಿದ ಸಾಮಾನಿಗೆ ಸರ್ಕಾರದ ಸೀಲು ಬಿತ್ತು ಹಾಗಾದ್ರೆ," ಎಂದು ನಾನು ನಕ್ಕೆ.

"ಅಮ್ಮ, ನಗಬೇಡ," ಎಂದಳು ಸ್ಪಂದನಾ. ಅವಳ ಮುಖ ಬಿಳಿಚಿಕೊಂಡಿತ್ತು. "ಕೋವಿ ಸದ್ದು ತಗ್ಗಿಸೋ ಸಾಮಾನು ನಿಷೇಧಿತ ಆಯುಧದ ಪಟ್ಟಿಲಿದೆ. ಕೋವಿಗೆ ಲೈಸೆನ್ಸ್ ಇದ್ರೂ ಅದನ್ನ ಇಟ್ಕೊಳೋ ಹಾಗಿಲ್ಲ. ಇಟ್ಕೊಂಡೋರಿಗೆ ಜೈಲು. ಮಾಡಿದೋರಿಗೆ ಇನ್ನೂ ಜಾಸ್ತಿ."

ಮಾಡಿದೋರಿಗೆ ಎಂದಾಗ ನನ್ನ ಗಂಡ, ಅತ್ತೆ, ಇಬ್ಬರೂ ನನ್ನ ಮುಖ ನೋಡಿದರು.

"ಯಾರು ಮಾಡ್ಕೊಟ್ರು ಅಂತ ಕೇಳಿದ್ರಾ ಮಾವ?"

"ಇಲ್ಲಮ್ಮ. ಅಷ್ಟರಲ್ಲಿ ಅವರಿಗೆ ಯಾವುದೋ ಫೋನ್ ಬಂತು. ಕೇಳಿದ್ರೆ ಹೇಳ್ತಿದ್ದೆ."

ಹೇಳುತ್ತಿದ್ದರು, ನನಗೆ ಗೊತ್ತಿತ್ತು. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ಮನುಷ್ಯ ಒಂದು ಸುಳ್ಳು ಹೇಳಿದ್ದನ್ನು ಕೇಳಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಡಲು ಮರೆತರೆ ಇಳಿದು ಹುಡುಕಿಕೊಂಡು ಹೋಗುವ ಜಾತಿ. ಅಂಥವರನ್ನು ಪೊಲೀಸರು ಹೊಡೆಯಬೇಕಾಗಿಲ್ಲ, ಬಡಿಯಬೇಕಾಗಿಲ್ಲ. ಒಂದು ಕುರ್ಚಿ ಹಾಕಿ, ಟೀ ಕೊಟ್ಟು, ಯಾರು ಮಾಡಿದ್ದು ಯಜಮಾನ್ರೇ ಎಂದರೆ ಸಾಕು, ನನ್ನ ತಮ್ಮ ಮುಗಿದ.

ಆ ವಾರವೇ ಕೇಸ್ ದಾಖಲಾಯಿತು. ಕೊಳವೆಯನ್ನು ಪರೀಕ್ಷೆಗೆ ಲ್ಯಾಬಿಗೆ ಕಳಿಸಿದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಕಾಲಿಂಗ್ ಬೆಲ್ ಬಾರಿಸಿದರೆ ಯಾರೂ ಎದ್ದು ಹೋಗುತ್ತಿರಲಿಲ್ಲ. ಹಾಲಿನವನು, ಗ್ಯಾಸಿನವನು, ಎಲ್ಲರೂ ನಮಗೆ ಪೊಲೀಸರೇ. ರಸ್ತೆಯಲ್ಲಿ ಜೀಪು ಹೋದರೆ ನನ್ನ ಕೈಲಿದ್ದ ಪಾತ್ರೆ ಹಾಗೇ ನಿಲ್ಲುತ್ತಿತ್ತು. ಮಾವ ಒಬ್ಬರು ಮಾತ್ರ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದರು, ಪೇಪರ್ ಓದುತ್ತಿದ್ದರು, ಮಲಗುತ್ತಿದ್ದರು. ಅದನ್ನು ನೋಡಿದರೇ ನನಗೆ ಇನ್ನಷ್ಟು ಹೆದರಿಕೆಯಾಗುತ್ತಿತ್ತು.

ಅತ್ತೆ ತರಕಾರಿ ಹೆಚ್ಚುತ್ತ ಶುರುಮಾಡುತ್ತಿದ್ದರು.

"ನಿನ್ನ ತಮ್ಮನಿಗಾದ್ರೂ ಬುದ್ಧಿ ಬೇಡ್ವಾ? ವಯಸ್ಸಾದೋರು ಏನೋ ಕೇಳಿದ್ರು ಅಂತ ಮಾಡ್ಕೊಟ್ಬಿಡೋದಾ?"

"ಕೇಳಿದೋರಿಗೆ ಬುದ್ಧಿ ಬೇಡ್ವಾ ಅತ್ತೆ?"

"ಇವರಿಗೆ ಕಾನೂನು ಏನು ಗೊತ್ತು?"

"ಅವನಿಗೆ ಮಾತ್ರ ಗೊತ್ತಾ? ಅವನೇನು ಹೈಕೋರ್ಟಲ್ಲಿ ಲೇತ್ ಹಾಕಿದಾನಾ?"

ಅತ್ತೆ ಹೀರೇಕಾಯಿಯನ್ನು ತುಂಡು ಮಾಡುವ ರಭಸ ನೋಡಿ ನಾನು ಸುಮ್ಮನಾಗುತ್ತಿದ್ದೆ.

ವಕೀಲ ಮೂರ್ತಪ್ಪನವರ ಆಫೀಸಿಗೆ ನಾವೆಲ್ಲ ಹೋದೆವು. ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕಿದ್ದೇನೆ, ಆದೇಶ ಬರುವವರೆಗೆ ಏನೂ ಹೇಳಲಾಗದು ಎಂದರು. ಆಮೇಲೆ ಮಾವನ ಕಡೆ ತಿರುಗಿದರು.

"ಯಜಮಾನ್ರೇ, ಸದ್ದಿಗೆ ಹೆದರಿ ಹಂದಿ ಓಡ್ಲಿ ಅಂತಲೇ ಸರ್ಕಾರ ನಿಮಗೆ ಕೋವಿ ಕೊಟ್ಟಿರೋದು. ಆ ಸದ್ದನ್ನೇ ತೆಗೆದ್ರೆ ಏನರ್ಥ ಬರ್ತದೆ ಗೊತ್ತಾ? ಕದ್ದು ಬೇಟೆ ಆಡ್ತಿದ್ರಿ ಅಂತಾರೆ."

"ಹಂದಿ ಹತ್ತಿರ ಇರ್ತವೆ, ಅವಕ್ಕೆ ಕೇಳಿಸ್ತದೆ. ಕೋಳಿ ದೂರ ಇವೆ, ಅವಕ್ಕೆ ಕೇಳಿಸಲ್ಲ."

"ಹಂದಿಗೆ ಕೇಳಿಸ್ಬೇಕು, ಕೋಳಿಗೆ ಕೇಳಿಸಬಾರದು. ಇದನ್ನ ನಾನು ಜಡ್ಜ್ ಮುಂದೆ ನಿಂತು ಹೇಳ್ಬೇಕು," ಎಂದು ಮೂರ್ತಪ್ಪ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ನೋಡಿ, ಕಾಯಿದೆ ಬರೆದೋರು ಕೋಳಿ ಬಗ್ಗೆ ಯೋಚನೆ ಮಾಡಿಲ್ಲ. ನಮಗೆ ಒಂದೇ ದಾರಿ. ಆ ಕೊಳವೆ ನಿಜವಾಗ್ಲೂ ಸದ್ದು ತಗ್ಗಿಸ್ತದಾ ಇಲ್ವಾ ಅಂತ ಲ್ಯಾಬಿನೋರು ಹೇಳ್ಬೇಕು. ತಗ್ಗಿಸಲ್ಲ ಅಂದ್ರೆ ಅದು ಬರೀ ಕಬ್ಬಿಣದ ಪೈಪು. ಮಾಡಿದೋನು ಕೆಲಸ ಬಾರದ ದಡ್ಡ ಆಗಿದ್ರೆ ನಿಮ್ಮ ಪುಣ್ಯ."

"ಪೊಲೀಸ್ರು ಕರೆದ್ರೆ?" ಎಂದು ನಾನು ಕೇಳಿದೆ.

"ಹೋಗ್ಬೇಕು. ಯಾರು ಮಾಡಿದ್ದು ಅಂತ ಕೇಳ್ತಾರೆ. ಉತ್ತರ ಹೇಳದೆ ಇರೋ ಹಕ್ಕು ಇವರಿಗಿದೆ. ಸುಮ್ನೆ ಕೂತ್ಕೊಳ್ಳಿ ಅಷ್ಟೇ."

"ಕೇಳಿದ್ದಕ್ಕೆ ಉತ್ತರ ಹೇಳದೆ ಕೂರೋಕೆ ನಾನೇನು ಕಳ್ಳನಾ?" ಎಂದರು ಮಾವ.

ನನ್ನ ಗಂಡ ರೇಣುಕಾಪ್ರಸಾದ್ ಸಹಕಾರ ಸಂಘದಲ್ಲಿ ಮ್ಯಾನೇಜರ್, ಗಟ್ಟಿಯಾಗಿ ಮಾತಾಡದ ಮನುಷ್ಯ. ಮೆಟ್ಟಿಲಿಳಿಯುವಾಗ ಅವರು ನನ್ನ ಕಡೆ ನೋಡಲೇ ಇಲ್ಲ.

ನಾನು ಮರುದಿನವೇ ಭದ್ರಾವತಿಗೆ ಹೋದೆ. ಅಪ್ಪ ಅಮ್ಮ ಹೋದ ಮೇಲೆ ಮಧುವನ್ನು ಐಟಿಐ ಓದಿಸಿ ಒಂದು ದಾರಿಗೆ ಹಚ್ಚಿದ್ದು ನಾನೇ. ಅವನ ಕೈಯ ಕೆಲಸವನ್ನು ಊರೆಲ್ಲ ಹೊಗಳಿಕೊಂಡು ತಿರುಗಿದವಳೂ ನಾನೇ. ಈಗ ಅಂಗಡಿ ಮುಂದೆ ನಿಂತು ಏನು ಕೇಳಿದೆ ನೋಡಿ.

"ಅದನ್ನ ಮಾಡೋವಾಗ ಏನಾದ್ರೂ ತಪ್ಪು ಮಾಡಿದ್ಯಾ ಮಧು? ಸರಿಯಾಗಿ ಕೆಲಸ ಮಾಡ್ದೆ ಇರೋ ಹಾಗೆ?"

ಅವನ ಮುಖ ಕೆಂಪಾಯಿತು. "ನನ್ನ ಕೈಲಿ ಕೆಟ್ಟ ಕೆಲಸ ಬಂದಿದ್ದು ಯಾವಾಗ ನೋಡಿದ್ಯಕ್ಕ? ನಿಮ್ಮ ಮಾವನವರು ಬಂದು ಕೇಳಿದಾರೆ, ಬೇಕಾಬಿಟ್ಟಿ ಮಾಡ್ತೀನಾ?"

ನಾನು ಎಲ್ಲವನ್ನೂ ಹೇಳಿದೆ. ಅವನು ಕೇಳುತ್ತ ಕೇಳುತ್ತ ಅಲ್ಲೇ ಸ್ಟೂಲಿನ ಮೇಲೆ ಕೂತ. ಒಳಗಿನಿಂದ ಅವನ ಹೆಂಡತಿ ರಕ್ಷಾ ಮಗಳನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಳು. ಮಗು ಅವಳ ಬಳೆ ತಿರುಗಿಸುತ್ತಿತ್ತು.

"ನಾನೇ ಹೋಗಿ ಹೇಳ್ಬಿಡ್ತೀನಿ," ಎಂದ ಮಧು. "ಆ ವಯಸ್ಸಿನೋರು ಯಾಕೆ ಒದ್ದಾಡ್ಬೇಕು?"

"ಬಾಯಿ ಮುಚ್ಕೊಂಡಿರು. ನೀನು ಹೋದ್ರೆ ಇವರ ಗತಿ ಏನು? ಅವರು ಹೆಸರು ಹೇಳೋವರೆಗೂ ನೀನು ಯಾರಿಗೂ ಗೊತ್ತಿಲ್ಲ. ನನ್ನ ಮೇಲೆ ಆಣೆ ಮಾಡು."

ಅವನು ಆಣೆ ಮಾಡಲು ಹಿಂಜರಿದ. ರಕ್ಷಾ ಅವನ ಕೈಹಿಡಿದು ನನ್ನ ತಲೆಯ ಮೇಲೆ ಇರಿಸಿದಳು. "ಮಾಡ್ರೀ," ಎಂದಳು.

ಸುಳ್ಳು ಹೇಳಿ ಎಂದು ಮಾವನನ್ನು ಕೇಳುವ ಧೈರ್ಯ ನನಗಿರಲಿಲ್ಲ. ಸುಮ್ಮನಿರಿ ಎಂದು ಕಾಲು ಹಿಡಿಯುವ ಧೈರ್ಯವೂ ಇರಲಿಲ್ಲ. ಅಡುಗೆ ಮಾಡುವುದೊಂದು ಗೊತ್ತಿತ್ತು, ಅದನ್ನೇ ಮಾಡಿದೆ. ಒಂದು ದಿನ ಕಡುಬು, ಒಂದು ದಿನ ಹುರುಳಿಕಾಳಿನ ಸಾರು, ಒಂದು ದಿನ ಅವರಿಗೆ ಪ್ರಾಣವಾದ ಶೇಂಗಾ ಹೋಳಿಗೆ. ಬಡಿಸುವಾಗ ಅವರ ಮುಖವನ್ನೇ ನೋಡುತ್ತಿದ್ದೆ. ಅವರು ದಡ್ಡರಲ್ಲ. ಒಂದು ದಿನ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು.

"ಗಂಗಾ, ನಾಳೆಯಿಂದ ಬರೀ ಅನ್ನ ಸಾರು ಮಾಡಮ್ಮ. ಹೆದರ್ಕೊಂಡು ಮಾಡಿದ ಅಡುಗೆ ಗಂಟಲಲ್ಲಿ ಇಳಿಯಲ್ಲ."

ನಾನು ಒಳಗೆ ಹೋಗಿ ಸಿಂಕಿನ ನಲ್ಲಿ ತಿರುಗಿಸಿ ಅತ್ತುಬಿಟ್ಟೆ.

ಆಮೇಲೊಂದು ಸಂಜೆ ಕರಿಯಪ್ಪ ಬಂದ. ಮದುವೆ ನಿಶ್ಚಯವಾದವನ ಹಾಗೆ ಮುಖ ಅರಳಿಸಿಕೊಂಡು ಬಂದಿದ್ದ.

"ನೀವೇನೂ ಹೆದರ್ಬೇಡಿ ವೀರಪ್ಪಣ್ಣ. ಪೊಲೀಸ್ರು ಫಾರಂಗೆ ಬಂದಿದ್ರು. ನಾನು ನಿಮ್ಮ ಪರವಾಗಿ ಎಲ್ಲ ಹೇಳಿದೀನಿ."

"ಏನು ಹೇಳಿದ್ರಿ?" ಎಂದರು ನನ್ನ ಗಂಡ.

"ಇದ್ದಿದ್ದೇ ಹೇಳ್ದೆ. ಪಾಪ, ನನ್ನ ಕೋಳಿಗೋಸ್ಕರ ಮಾಡಿಸಿದ್ರು ಸಾರ್, ಈಗ ಸದ್ದೇ ಇಲ್ಲ, ಯಾರೋ ಕೆಮ್ಮಿದ ಹಾಗೆ ಅಷ್ಟೇ, ಕೋಳಿ ತಲೆನೂ ಎತ್ತಲ್ಲ ಅಂದೆ. ಬೇಕಾದ್ರೆ ಕೋರ್ಟಿಗೂ ಬಂದು ಹೇಳ್ತೀನಿ ಅಂದೆ."

ಸ್ಪಂದನಾ ಕೈಲಿದ್ದ ಪುಸ್ತಕ ಮುಚ್ಚಿದಳು. ನಾನು ಬಾಗಿಲು ಹಿಡಿದುಕೊಂಡೆ.

"ಮಾಡಿದೋರು ಯಾರು ಅಂತ ಕೇಳಿದ್ರಾ?" ಎಂದೆ.

"ಕೇಳಿದ್ರಕ್ಕ. ಹೆಸರು ನಂಗೆಲ್ಲಿ ಗೊತ್ತು? ಯಾರೋ ಭದ್ರಾವತಿ ಕಡೆಯೋರು, ಭಾರಿ ಕೆಲಸಗಾರ ಅಂದೆ."

ಕರಿಯಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ತಾನು ಮಾಡಿದ ಉಪಕಾರ ಎಲ್ಲೋ ಅಡ್ಡ ತಿರುಗಿದೆ ಎಂದು ಅವನಿಗೆ ನಿಧಾನವಾಗಿ ಅರ್ಥವಾಯಿತು.

"ನಾನೇನಾದ್ರೂ ತಪ್ಪು ಹೇಳಿದ್ನಾ?"

"ಇಲ್ಲ ಮಾರಾಯ, ನಿಜಾನೇ ಹೇಳಿದೀಯ," ಎಂದರು ಮಾವ. "ಅವನಿಗೆ ಟೀ ಕೊಡಮ್ಮ."

ಟೀ ಕೊಟ್ಟೆ. ಕಪ್ಪಿನಲ್ಲಿ ವಿಷ ಹಾಕಿ ಕೊಡುವಷ್ಟು ಸಿಟ್ಟು ಬಂದಿತ್ತು. ಆದರೆ ಅವನ ಮೇಲೆ ಸಿಟ್ಟು ಮಾಡಿ ಏನು ಬಂತು? ಆ ಪ್ರಾಣಿಯೂ ಒಳ್ಳೆಯದೇ ಮಾಡಲು ಹೋಗಿದ್ದ.

ಅದಾದ ಮೇಲೆ ಠಾಣೆಯಿಂದ ವಿಚಾರಣೆಗೆ ಬರಲು ನೋಟಿಸು ಬಂತು. ಹೋಗಬೇಕಾದ ದಿನದ ಹಿಂದಿನ ಸಂಜೆ ಅಪ್ಪ ಮಗ ಇಬ್ಬರೂ ಊಟಕ್ಕೆ ಕೂತಿದ್ದರು, ನಾನು ಅಡುಗೆಮನೆಯಲ್ಲಿದ್ದೆ. ನನಗೆ ಕೇಳಿಸಲಿ ಎಂದೇ ನನ್ನ ಗಂಡ ಅಷ್ಟು ಗಟ್ಟಿಯಾಗಿ ಹೇಳಿದರೋ ಏನೋ.

"ಅಪ್ಪ, ನಾಳೆ ಹೆಸರು ಹೇಳ್ಬಿಡಿ. ಮಾಡಿದೋನು ಸಿಕ್ಕಿದ್ರೆ ನಿಮ್ಮ ಮೇಲಿನ ಒತ್ತಡ ಕಡಿಮೆ ಆಗ್ತದೆ."

ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದೆ. "ಏನು ಹೇಳ್ತಿದೀರಿ ನೀವು? ಅವನು ಯಾರು ಅಂತ ನೆನಪಿದೆಯಾ?"

"ನೆನಪಿದೆ. ಅವನು ನಿನ್ನ ತಮ್ಮ. ಇವರು ನನ್ನ ಅಪ್ಪ. ಮಧು ಹುಡುಗ, ಹೇಗೋ ತಡ್ಕೊಳ್ತಾನೆ. ಅಪ್ಪ ಜೈಲಲ್ಲಿ ಒಂದು ವಾರ ಉಳಿಯಲ್ಲ ಗಂಗಾ."

"ಅವನ ಮಗು ಇನ್ನೂ ಅಂಗನವಾಡಿಗೆ ಹೋಗ್ತದೆ ಕಣ್ರೀ."

"ನಾನೂ ಮಗುನೇ ಇವರಿಗೆ," ಎಂದರು ನನ್ನ ಗಂಡ. ಅವರ ಕಣ್ಣಲ್ಲಿ ನೀರಿತ್ತು.

ಅತ್ತೆ ಮೂಲೆಯಲ್ಲಿ ಕೂತು ಸೆರಗಿನಿಂದ ಮೂಗು ಒರೆಸಿಕೊಂಡರು. ಮಾವ ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡು ಉಂಡು, ಕೈತೊಳೆದು, "ಕೇಳಿದಾಗ ನೋಡೋಣ," ಎಂದಷ್ಟೇ ಹೇಳಿದರು. ನೋಡೋಣ ಎಂದರೆ ಏನರ್ಥ ಎಂದು ನಾನು ಬೆಳಗಿನವರೆಗೂ ಯೋಚಿಸಿದೆ.

ಜಾಮೀನಿನ ಆದೇಶಕ್ಕೆ ಕಾಯಲು ನನ್ನ ಗಂಡ ಕೋರ್ಟಿಗೆ ಹೋದರು. ಮಾವನ ಜೊತೆ ನಾನು ಹೊರಟೆ. ಬಸ್ಸಿನಲ್ಲಿ ನಾನು ಒಳಗೊಳಗೇ ಹರಕೆ ಹೊರುತ್ತಿದ್ದೆ. ಮಧುವಿನ ಹೆಸರು ಇವರ ಬಾಯಿಂದ ಬಾರದಿರಲಿ, ಬಾರದಿರಲಿ. ಅದೊಂದೇ ಬೇಡಿಕೊಂಡೆ, ಮಾವನಿಗಾಗಿ ಏನನ್ನೂ ಬೇಡಿಕೊಳ್ಳಲಿಲ್ಲ.

ಠಾಣೆಯಲ್ಲಿ ಎಸ್ಐ ಇವರಿಗೆ ಅಂದಿನ ಹಾಗೇ ಕುರ್ಚಿ ಹಾಕಿಸಿದರು. ನಾನು ಗೋಡೆ ಪಕ್ಕದ ಬೆಂಚಿನ ಮೇಲೆ ಕೂತೆ. ಎದುರಿಗೆ ಒಬ್ಬ ಪೇದೆ ಬರೆಯುತ್ತಿದ್ದ.

"ಲ್ಯಾಬಿಂದ ರಿಪೋರ್ಟ್ ಬಂದಿದೆ ಯಜಮಾನ್ರೇ. ಸದ್ದು ಚೆನ್ನಾಗೇ ತಗ್ಗಿಸ್ತದಂತೆ," ಎಂದರು ಎಸ್ಐ. "ಈಗ ಹೇಳಿ. ಯಾರು ಮಾಡ್ಕೊಟ್ರು?"

ಮಾವ ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ.

"ನಾನೇ ಮಾಡ್ಕೊಂಡಿದ್ದು," ಎಂದರು.

"ನೀವಾ?"

"ಹೌದು. ನಾನೇ."

"ಯಾವ ಲೇತಲ್ಲಿ?"

"ಅದು... ಕೈಯಲ್ಲೇ ಮಾಡ್ದೆ. ಮನೇಲಿ."

ಅಷ್ಟು ಕೆಟ್ಟದಾಗಿ ಸುಳ್ಳು ಹೇಳುವವರನ್ನು ನಾನು ನೋಡಿಲ್ಲ. ಕಿವಿಯವರೆಗೂ ಕೆಂಪಾಗಿದ್ದರು. ಎಸ್ಐ ಬರೆಯುತ್ತಿದ್ದ ಪೇದೆಗೆ ತಡಿ ಎಂದು ಕೈ ತೋರಿಸಿದರು.

"ಯೋಚನೆ ಮಾಡಿ ಹೇಳಿ ಯಜಮಾನ್ರೇ. ನೀವೇ ಮಾಡಿದ್ದು ಅಂದ್ರೆ ಇಟ್ಕೊಂಡ ಕೇಸು, ಮಾಡಿದ ಕೇಸು, ಎರಡೂ ನಿಮ್ಮ ಮೇಲೇ ಬರ್ತದೆ. ಮನೆಗೆ ಕಳಿಸೋಕೆ ಆಗಲ್ಲ. ಇವತ್ತೇ ಕೋರ್ಟಿಗೆ, ಅಲ್ಲಿಂದ ಜೈಲಿಗೆ. ಈ ವಯಸ್ಸಲ್ಲಿ ಬೇಕಾ?"

"ಬರ್ಕೊಳ್ಳಿ," ಎಂದರು ಮಾವ.

ಪೇದೆ ಬರೆದ. ಹಾಳೆ ತಿರುಗಿಸಿ ಮಾವನ ಮುಂದಿಟ್ಟು ಪೆನ್ನು ಕೊಟ್ಟ. ನನ್ನ ಹರಕೆ ಫಲಿಸಿತ್ತು. ನಾನು ಬೇಡಿಕೊಂಡದ್ದು ಅಕ್ಷರಶಃ ನನಗೆ ಸಿಕ್ಕಿತ್ತು. ಇನ್ನು ಸುಮ್ಮನೆ ಕೂತರೆ ಸಾಕಿತ್ತು. ಮಾವ ಅಂಗಿಯ ಜೇಬಿನಲ್ಲಿ ಕನ್ನಡಕ ಹುಡುಕಿದರು, ಸಿಗಲಿಲ್ಲ. ಸೈನು ಹಾಕುವ ಜಾಗ ಕಾಣದೆ ಹಾಳೆಯ ಮೇಲೆ ಬೆರಳಿಟ್ಟು ತಡಕಿದರು. ನನ್ನನ್ನು ಈ ಮನೆಗೆ ಕರೆತಂದ ದಿನದಿಂದ ಒಂದು ಸಲವೂ ಗದರದ ಮನುಷ್ಯ, ನನ್ನ ತಮ್ಮನಿಗಾಗಿ ಜೈಲಿಗೆ ಹೋಗಲು ಸೈನಿನ ಜಾಗ ಹುಡುಕುತ್ತಿದ್ದರು.

"ಸಾರ್, ಅವರು ಸುಳ್ಳು ಹೇಳ್ತಿದಾರೆ," ಎಂದು ಯಾರೋ ಅಂದರು. ಅದು ನಾನೇ. ಎದ್ದು ನಿಂತಿದ್ದೆ. "ಅದನ್ನ ಮಾಡಿದ್ದು ನನ್ನ ತಮ್ಮ. ಮಧು ಅಂತ. ಭದ್ರಾವತಿ, ನ್ಯೂ ಟೌನ್."

ಮಾವನ ಕೈಲಿದ್ದ ಪೆನ್ನು ನಿಂತಿತು. ಎಸ್ಐ ಆ ಹಾಳೆಯನ್ನು ಎಳೆದುಕೊಂಡು ಅಡ್ಡಗೆರೆ ಹಾಕಿ, ಬೇರೆ ಹಾಳೆ ತೆಗೆಯಲು ಹೇಳಿದರು. ನನ್ನ ಮಾತನ್ನು ಬರೆದುಕೊಂಡ ಮೇಲೆ ಎದ್ದು ಹೊರಗೆ ಹೋಗಿ, ಭದ್ರಾವತಿಗೆ ಹೊರಡಬೇಕೆಂದು ಡ್ರೈವರನ್ನು ಕೂಗಿದರು.

ಮಾವ ಕುರ್ಚಿಯಲ್ಲೇ ನನ್ನ ಕಡೆ ತಿರುಗಿದರು. ಅವರಿಗೆ ಅಷ್ಟು ಸಿಟ್ಟು ಬಂದಿದ್ದನ್ನು ಅವತ್ತೇ ನಾನು ನೋಡಿದ್ದು.

"ಯಾಕೆ ಹೇಳ್ದೆ ಮಾರಾಯ್ತಿ? ಜನ್ಮದಲ್ಲಿ ಒಂದು ಸುಳ್ಳು ಹೇಳಿದ್ದೆ. ಅದನ್ನೂ ಉಳಿಸ್ಲಿಲ್ಲ ನೀನು."

ಹೊರಗೆ ಜೀಪು ಸ್ಟಾರ್ಟ್ ಆಗುವ ಸದ್ದು ಕೇಳಿತು. ನಾನು ವರಾಂಡದ ಕಂಬದ ಹಿಂದೆ ಹೋಗಿ ಮಧುವಿಗೆ ಫೋನ್ ಮಾಡಿದೆ. ಅವನು ಎತ್ತಿದ. ಹಿಂದೆ ಲೇತ್ ಓಡುತ್ತಿತ್ತು.

"ಹೇಳಕ್ಕ. ಏನಾಯ್ತು? ಮಾವನವರು ಏನಂದ್ರು?"

"ಅವರು ಹೇಳ್ಲಿಲ್ಲ ಕಣೋ," ಎಂದೆ.

"ಏನು? ಕೇಳಿಸ್ತಿಲ್ಲಕ್ಕ, ತಡಿ."

ಅವನು ಲೇತ್ ಆಫ್ ಮಾಡಿದ. ಆ ಕಡೆ ಎಲ್ಲ ನಿಶ್ಶಬ್ದವಾಯಿತು. ಮಗು ಏನೋ ಹಾಡಿಕೊಳ್ಳುತ್ತಿರುವುದು ಕೇಳಿಸಿತು.

"ಈಗ ಹೇಳಕ್ಕ," ಎಂದ ಮಧು. "ಅವರು ಹೇಳ್ಲಿಲ್ವಾ?"